ರಾಗಿ ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಗುತ್ತಿದ್ದರೆ

ಮನೆಯ ಬೀಜ ಬಿತ್ತಿ ಎರಡು ಸಲ ಯೂರಿಯಾ ಹಾಕಿದ ರಾಗಿಯಲ್ಲಿ ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಗುತ್ತಿದೆ ಎಂದು ಕೇಳಿದ್ದೀರಿ. ಈ ಲಕ್ಷಣ ನೋಡಿದರೆ ಕುತ್ತಿಗೆ ಬೆಂಕಿ ರೋಗ ಎಂಬ ಶಿಲೀಂಧ್ರ ರೋಗವೇ ಇರಬೇಕು. ಫೋಟೋ ಇಲ್ಲದೆ ಖಚಿತವಾಗಿ ಹೇಳಲಾರೆ. ಮೊದಲು ಬಿಳಿಚಿದ ತೆನೆಯೊಂದನ್ನು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕಿತ್ತು ಬಂದು ಕಾಂಡದಲ್ಲಿ ತೂತು, ಹಿಕ್ಕೆ ಕಂಡರೆ ಅದು ಕಾಂಡ ಕೊರಕ ಹುಳ. ತೆನೆಯ ಕೆಳಗೆ ಎರಡು ಬೆರಳಷ್ಟು ಉದ್ದ ಕಪ್ಪಾಗಿ, ಅಲ್ಲೇ ಬಾಗಿ ಮುರಿದಿದ್ದರೆ ಬೆಂಕಿ ರೋಗ.

ಕಾಳು ಜೊಳ್ಳಾದ ಮೇಲೆ ಔಷಧಿ ಹೊಡೆಯುವುದು ಸುಮ್ನೆ ದುಡ್ಡು ದಂಡ. ಈ ಹೊಲದ ರಾಗಿಯನ್ನು ಬೀಜಕ್ಕಂತೂ ಇಡಬೇಡಿ. ಮನೆಯಲ್ಲಿ ಉಳಿಸಿದ ಬೀಜ, ಮೇಲೆ ಎರಡು ಸಲ ಯೂರಿಯಾ ಅಂದಿದ್ದೀರಿ, ನನಗೆ ಅನುಮಾನ ಅಲ್ಲೇ. ಯೂರಿಯಾದಲ್ಲಿರುವ ಸಾರಜನಕ ಜಾಸ್ತಿಯಾದರೆ ಈ ರೋಗಕ್ಕೆ ಹಬ್ಬ.

ಮುಂದಿನ ಸಲ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜಿಪಿಯು-28 ಬೀಜ ಕೇಳಿ. ಬೆಂಕಿ ರೋಗ ತಡೆಯುವ ತಳಿ ಅದು. ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿ ಬಿತ್ತಿ. ಮಣ್ಣು ಪರೀಕ್ಷೆ ಮಾಡಿಸಿಯೇ ಗೊಬ್ಬರ ಹಾಕಿ. ಪರೀಕ್ಷೆಯಲ್ಲಿ ಹೇಳಿದಷ್ಟೇ ಯೂರಿಯಾ, ಅದರಲ್ಲಿ ಅರ್ಧ ಬಿತ್ತುವಾಗ, ಉಳಿದದ್ದು ತಿಂಗಳಾದ ಮೇಲೆ, ನೆಲ ಹಸಿ ಇದ್ದರೆ ಮಾತ್ರ. 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕಿ. ನಮ್ಮ ಕಡೆಯ ಅಕ್ಕಡಿ ಸಾಲೇ, ಹೊಸದೇನಲ್ಲ. ಮಳೆ ಕೈಕೊಟ್ಟರೂ ತೊಗರಿ ಬೇರು ಆಳಕ್ಕಿಳಿದು ತಡೆದುಕೊಳ್ಳುತ್ತದೆ.