ಜಗಳದ ನಡುವೆ ಸಂಗಾತಿ ಇದ್ದಕ್ಕಿದ್ದಂತೆ ಮೌನವಾಗುವುದೇಕೆ?

ಹೆಚ್ಚಿನ ಸಲ ಅವರ ಮೈ ತಡೆದುಕೊಳ್ಳಲಾಗದಷ್ಟು ಉದ್ವೇಗಕ್ಕೆ ಸಿಕ್ಕಿರುತ್ತದೆ. ನೋಡುವವರಿಗೆ ಮಾತ್ರ ಅದು ತಾತ್ಸಾರದಂತೆ ಕಾಣುತ್ತದೆ, ನೋವಾಗುವುದೂ ಅದಕ್ಕೇ. ಟೀಕೆಯ ಮೇಲೆ ಟೀಕೆ ಬೀಳುವಾಗ ಮಿದುಳು ಅದನ್ನು ಅಪಾಯವೆಂದೇ ಎಣಿಸಿ, ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹರಿಯುವಂತೆ ಮಾಡುತ್ತದೆ. ದಂಪತಿಗಳ ಜಗಳವನ್ನು ಪ್ರಯೋಗಾಲಯದಲ್ಲಿ ಗಮನಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಇದನ್ನು ಪ್ರವಾಹಕ್ಕೆ ಹೋಲಿಸುತ್ತಾರೆ. ನಾಡಿಬಡಿತ ನಿಮಿಷಕ್ಕೆ 100 ದಾಟಿತೆಂದರೆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದು. ದವಡೆ ಬಿಗಿದಿದೆ, ನೋಟ ನೆಲದ ಮೇಲಿದೆ, ಉತ್ತರ ಬರೀ ‘ಹೂಂ’ ಎಂದಾದರೆ ಆ ಹಂತ ಬಂದಿದೆ ಎಂದೇ ತಿಳಿಯಿರಿ.

ಆಗ ‘ಮಾತಾಡು, ಮಾತಾಡು’ ಎಂದು ಬೆನ್ನು ಹತ್ತಿದಷ್ಟೂ ಅವರು ಮುಚ್ಚಿಕೊಳ್ಳುತ್ತಾರೆ. ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು. ಆದರೆ ಹೇಳದೆ ಎದ್ದು ಹೋಗಬಾರದು. “ಅರ್ಧ ಗಂಟೆ ಬಿಟ್ಟು ಇದನ್ನೇ ಮಾತಾಡೋಣ” ಎಂದು ಹೊತ್ತು ಗೊತ್ತುಮಾಡಿ, ಆ ಹೊತ್ತಿಗೆ ಮರಳಿ ಬರಬೇಕು. ಬಹಳ ಮಂದಿ ಎಡವುವುದು ಬಿಡುವಿನಲ್ಲೇ: ಮನಸ್ಸಿನೊಳಗೆ ಮುಂದಿನ ವಾದ ಹೆಣೆಯುತ್ತ ಕೂತರೆ ನಾಡಿ ಇಳಿಯುವುದೇ ಇಲ್ಲ. ನಡೆದಾಡಿ, ಪಾತ್ರೆ ತೊಳೆಯಿರಿ, ಹಾಡು ಕೇಳಿ.

ದಿನಗಟ್ಟಲೆ ಮಾತು ಬಿಟ್ಟು ಶಿಕ್ಷಿಸುವುದು ಬೇರೆಯೇ ವಿಷಯ. ಅದಕ್ಕೆ ಬಿಡುವು ಮದ್ದಲ್ಲ, ಆಪ್ತಸಮಾಲೋಚಕರ ನೆರವು ಬೇಕು.