ಬೆಳಗಾವಿಯ ಶ್ರೀ ಥಾನೇದಾರ್ ಅಮೆರಿಕದ ಸಂಸತ್ತಿನಲ್ಲಿ ಮಾಡಿದ್ದೇನು? ಚುನಾವಣೆಯ ದುಡ್ಡು ಯಾರದ್ದು?

ನೀವು ಕೇಳಿದ್ದು ಮೂರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಅಮೆರಿಕದಲ್ಲಿ ಸಂಸದರಾಗಿದ್ದು ಹೇಗೆ, ಎಷ್ಟು ಬಿಲ್ ತಂದರು, ಚುನಾವಣೆಗೆ ದುಡ್ಡು ಕೊಟ್ಟವರು ಯಾರು. ಕೊನೆಯದರಿಂದಲೇ ಶುರು ಮಾಡುತ್ತೇನೆ, ಕಥೆ ಇರುವುದೇ ಅಲ್ಲಿ. ದುಡ್ಡು ಹಾಕಿದವರು ಹೆಚ್ಚುಕಡಿಮೆ ಅವರೇ.

ನಾನಿರುವುದು ಮಿಶಿಗನ್‌ನ ನೋವೈ ಎಂಬ ಊರಿನಲ್ಲಿ. ಅವರದ್ದು 13ನೇ ಕ್ಷೇತ್ರ, ಅಂದರೆ ಡೆಟ್ರಾಯ್ಟ್ ನಗರದ ದೊಡ್ಡ ಭಾಗ ಮತ್ತು ಸುತ್ತಲಿನ ಕೆಲವು ಊರುಗಳು. ನನ್ನ ಮನೆ ಅದರ ಹೊರಗೆ. ಹಾಗಾಗಿ ಅವರಿಗೆ ವೋಟು ಹಾಕುವ ಪ್ರಶ್ನೆಯೇ ನನಗೆ ಬಂದಿಲ್ಲ. ಆದರೆ 2018ರಲ್ಲಿ ಅವರ ಜಾಹೀರಾತಿನಿಂದ ತಪ್ಪಿಸಿಕೊಂಡವರು ಇಲ್ಲಿ ಯಾರೂ ಇಲ್ಲ. ಆ ವರ್ಷ ಫೆಬ್ರವರಿಯಲ್ಲಿ ಸೂಪರ್ ಬೌಲ್ ನೋಡುತ್ತಾ ಕೂತಿದ್ದೆವು. ಅದು ಇಲ್ಲಿನ ಫುಟ್‌ಬಾಲ್ ಫೈನಲ್, ಜಾಹೀರಾತಿಗೆ ಅತ್ಯಂತ ದುಬಾರಿ ಹೊತ್ತು. ನಡುವೆ ಟಿವಿಯಲ್ಲಿ ‘ಶ್ರೀ’ ಅಂತ ಬಂತು. ಚಿಪ್ಸ್ ತಿನ್ನುತ್ತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಪ್ಪಾ ಇವರು?

ಅವರು ಆಗ ನಿಂತಿದ್ದು ಮಿಶಿಗನ್ ಗವರ್ನರ್ ಹುದ್ದೆಗೆ (ನಮ್ಮ ಮುಖ್ಯಮಂತ್ರಿಯ ಹಾಗೆ), ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಗಿನ ಚುನಾವಣೆಯಲ್ಲಿ, ಅಂದರೆ ಪ್ರೈಮರಿಯಲ್ಲಿ. ಸ್ವಂತ ದುಡ್ಡು 1 ಕೋಟಿ ಡಾಲರ್‌ಗೂ ಜಾಸ್ತಿ ಸುರಿದರು. ಬಂದದ್ದು ಮೂರನೇ ಸ್ಥಾನ. ಗೆದ್ದ ಗ್ರೆಚೆನ್ ವಿಟ್ಮರ್ ಮುಂದೆ ಗವರ್ನರ್ ಆದರು. ಬೇರೆಯವರಾಗಿದ್ದರೆ ಅಲ್ಲಿಗೆ ಮನೆಗೆ ಹೋಗುತ್ತಿದ್ದರು. ಇವರು ಆನ್ ಆರ್ಬರ್‌ನಿಂದ ಡೆಟ್ರಾಯ್ಟ್‌ಗೆ ಮನೆ ಬದಲಿಸಿ, 2020ರಲ್ಲಿ ರಾಜ್ಯದ ಶಾಸನಸಭೆಗೆ ನಿಂತು ಗೆದ್ದರು. 2022ರಲ್ಲಿ ನೇರ ಸಂಸತ್ತಿಗೆ. ಆಗಲೂ ಸ್ವಂತ ದುಡ್ಡು 50 ಲಕ್ಷ ಡಾಲರ್‌ಗೂ ಹೆಚ್ಚು. ಒಂಬತ್ತು ಜನ ನಿಂತಿದ್ದ ಪ್ರೈಮರಿಯಲ್ಲಿ ಶೇ. 28ರಷ್ಟು ವೋಟು ಸಿಕ್ಕಿತು, ಅಷ್ಟೇ ಸಾಕಾಯಿತು. ಡೆಮಾಕ್ರಟರ ಭದ್ರಕೋಟೆಯಲ್ಲಿ ಪ್ರೈಮರಿ ಗೆದ್ದರೆ ನವೆಂಬರ್ ಚುನಾವಣೆ ಬರೀ ಶಾಸ್ತ್ರ.

ಇದಕ್ಕೆ ಮಿತಿ ಇಲ್ವಾ ಅಂತ ನೀವು ಕೇಳಬಹುದು. ನಮ್ಮಲ್ಲಿ ದೊಡ್ಡ ರಾಜ್ಯಗಳ ಲೋಕಸಭಾ ಅಭ್ಯರ್ಥಿಗೆ 95 ಲಕ್ಷ ರೂಪಾಯಿ ಮಿತಿ ಇದೆ (ಕಾಗದದ ಮೇಲಾದರೂ). ಅಮೆರಿಕದಲ್ಲಿ ಇಲ್ಲ. 1976ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್, ತನ್ನ ದುಡ್ಡನ್ನು ತನ್ನ ಪ್ರಚಾರಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡುವುದು ಮಾತಿನ ಸ್ವಾತಂತ್ರ್ಯದ ಭಾಗ ಅಂದುಬಿಟ್ಟಿತು. ಬೇರೆಯವರು ಕೊಡುವುದಕ್ಕೆ ಮಾತ್ರ ಮಿತಿ. 2024ರ ಸಲ ಒಬ್ಬ ವ್ಯಕ್ತಿ ಒಂದು ಚುನಾವಣೆಗೆ ಒಬ್ಬ ಅಭ್ಯರ್ಥಿಗೆ ಕೊಡಬಹುದಾಗಿದ್ದದ್ದು 3,300 ಡಾಲರ್.

ಈ ಲೆಕ್ಕ ನೋಡುವುದು ಕಷ್ಟವೇನಲ್ಲ. ಫೆಡರಲ್ ಚುನಾವಣಾ ಆಯೋಗದ ಜಾಲತಾಣದಲ್ಲಿ ಹೆಸರು ಹೊಡೆದರೆ ಫಾರ್ಮ್ 3 ಎಂಬ ವರದಿಗಳು ಸಿಗುತ್ತವೆ. ನನಗೆ ಇಂಥದ್ದನ್ನು ಕೆದಕುವ ಚಟ. ಮೊದಲ ಸಲ ನೋಡಿದಾಗ 11(ಡಿ) ಸಾಲಿನಲ್ಲೇ ಹುಡುಕುತ್ತಿದ್ದೆ. ಅದು ಅಭ್ಯರ್ಥಿ ತಾನೇ ಕೊಟ್ಟ ದೇಣಿಗೆಯ ಸಾಲು. ನೋಡಬೇಕಾದದ್ದು ಇನ್ನೂ ಕೆಳಗೆ, 13(ಎ). ಅಲ್ಲಿರುವುದು ಅಭ್ಯರ್ಥಿ ಕೊಟ್ಟ ಸಾಲ. ದೇಣಿಗೆ ಬೇರೆ, ಸಾಲ ಬೇರೆ. ದೇಣಿಗೆ ಕೊಟ್ಟರೆ ಹೋಯಿತು, ಸಾಲ ಕೊಟ್ಟರೆ ವಾಪಸ್ ಬರಬಹುದು. ಗೆದ್ದ ಮೇಲೆ ಬೇರೆಯವರು ಕೊಡುವ ದೇಣಿಗೆಯಿಂದ ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳಬಹುದು. ಮೊದಲು ಹೀಗೆ ಚುನಾವಣೆ ಮುಗಿದ ಮೇಲೆ ಬಂದ ದೇಣಿಗೆಯಿಂದ ತೀರಿಸಿಕೊಳ್ಳುವುದಕ್ಕೆ 2,50,000 ಡಾಲರ್ ಮಿತಿ ಇತ್ತು. 2022ರ ಮೇ ತಿಂಗಳಲ್ಲಿ, ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಹೂಡಿದ್ದ ಕೇಸಿನಲ್ಲಿ, ಸುಪ್ರೀಂ ಕೋರ್ಟ್ ಅದನ್ನೂ ತೆಗೆದುಹಾಕಿತು. ಥಾನೇದಾರ್ ಅಂತಲ್ಲ, ಯಾವ ದುಡ್ಡಿರುವ ಅಭ್ಯರ್ಥಿಯ ಲೆಕ್ಕ ನೋಡುವಾಗಲೂ ನಾನು ಈಗ ಮೊದಲು ಹೋಗುವುದು 13(ಎ)ಗೇ.

ಥಾನೇದಾರ್ ಅವರಿಗೆ ಅಷ್ಟು ದುಡ್ಡು ಬಂದದ್ದು ಕೆಮಿಸ್ಟ್ರಿಯಿಂದ. ಆಕ್ರನ್ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಪಿಎಚ್‌ಡಿ, ಆಮೇಲೆ ಸೇಂಟ್ ಲೂಯಿಸ್‌ನಲ್ಲಿ ನೌಕರಿ. 1991ರಲ್ಲಿ 75,000 ಡಾಲರ್‌ಗೆ ಕೆಮಿರ್ ಎಂಬ ಪುಟ್ಟ ಲ್ಯಾಬ್ ಕೊಂಡು ಬೆಳೆಸಿದರು. ಸಾಲ ಮಾಡಿ ಒಂದರ ಮೇಲೊಂದು ಕಂಪನಿ ಕೊಂಡರು. 2010ರಲ್ಲಿ ಎಲ್ಲ ಬ್ಯಾಂಕಿನ ಪಾಲಾಯಿತು. ಅದೇ ವರ್ಷ ಆನ್ ಆರ್ಬರ್‌ನಲ್ಲಿ ಅವೊಮೀನ್ ಎಂಬ ಇನ್ನೊಂದು ಲ್ಯಾಬ್ ತೆರೆದರು. 2016ರಲ್ಲಿ ಅದರ ಬಹುಪಾಲು ಮಾರಿದಾಗ ಸುಮಾರು 2 ಕೋಟಿ ಡಾಲರ್ ಬಂತು. ಮಾರಿದ ಮೇಲೆ ಕೊಂಡವರೇ ಕೋರ್ಟಿಗೆ ಹೋದರು, ಕಡೆಗೆ ರಾಜಿಯಲ್ಲಿ ಮುಗಿಯಿತು.

ಇನ್ನು ಬಿಲ್ ವಿಷಯ. ಇಲ್ಲಿ ಸುಮ್ನೆ ಸಂಖ್ಯೆ ಎಣಿಸಿದರೆ ಮೋಸ ಹೋಗುತ್ತೀರಿ. ಇಲ್ಲಿ ಪ್ರತಿ ಸದಸ್ಯನೂ ಬಿಲ್ ಮಂಡಿಸುತ್ತಾನೆ. ಎರಡು ವರ್ಷದ ಅವಧಿಯಲ್ಲಿ ಸಾವಿರಾರು ಬರುತ್ತವೆ, ಕಾನೂನಾಗುವುದು ನೂರಕ್ಕೆ ಒಂದೋ ಎರಡೋ. ಉಳಿದದ್ದೆಲ್ಲ ‘ಸಮಿತಿಗೆ ಕಳಿಸಲಾಗಿದೆ’ ಎಂಬ ಒಂದೇ ಸಾಲಿನಲ್ಲಿ ಮಲಗಿರುತ್ತದೆ. ಅದಕ್ಕೇ ಬಿಲ್‌ನ ವಿಷಯ ಯಾವುದು, ಯಾರಿಗೆ ಕೇಳಿಸಲಿ ಅಂತ ಬರೆದದ್ದು ಅಂತ ನೋಡುವುದು ಒಳ್ಳೆಯದು. ಉದಾಹರಣೆಗೆ 2024ರ ಏಪ್ರಿಲ್‌ನಲ್ಲಿ ಹಿಂದೂ ದ್ವೇಷವನ್ನು ಖಂಡಿಸುವ ನಿರ್ಣಯ ತಂದರು. ಅದು ಕಾನೂನಲ್ಲ, ಬರೀ ನಿರ್ಣಯ. ಇಲ್ಲಿನ ದೇವಸ್ಥಾನಗಳ ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ ವಾರಗಟ್ಟಲೆ ಓಡಾಡಿತು.

ದೊಡ್ಡ ಸದ್ದು ಮಾಡಿದ್ದು 2025ರದ್ದು. ಏಪ್ರಿಲ್ ಕೊನೆಯಲ್ಲಿ ಟ್ರಂಪ್ ವಿರುದ್ಧ ಏಳು ಆರೋಪಗಳ ವಾಗ್ದಂಡನೆ ನಿರ್ಣಯ ಮಂಡಿಸಿದರು. ಅವರ ಪಕ್ಷದವರಿಗೇ ಅದು ಬೇಕಿರಲಿಲ್ಲ. ಜೊತೆಗೆ ಹೆಸರು ಸೇರಿಸಿದ್ದ ಕೆಲವರು ವಾಪಸ್ ತೆಗೆದುಕೊಂಡರು. ಮೇ ತಿಂಗಳಲ್ಲಿ ಸದನದಲ್ಲಿ ಮತಕ್ಕೆ ಹಾಕಿಸುವ ಹಂತಕ್ಕೆ ಒಯ್ದು, ಕೊನೇ ಗಳಿಗೆಯಲ್ಲಿ ತಾವೇ ಹಿಂದೆ ಸರಿದರು. 2026ರ ಪ್ರೈಮರಿಗೆ ಎಡಪಂಥೀಯ ಯುವ ರಾಜ್ಯ ಶಾಸಕ ಡೊನಾವನ್ ಮೆಕಿನ್ನಿ ಇವರ ವಿರುದ್ಧ ನಿಲ್ಲುತ್ತೇನೆ ಎಂದದ್ದೂ ಅದೇ ಹೊತ್ತಿಗೆ. ಎರಡಕ್ಕೂ ಸಂಬಂಧ ಇದೆಯಾ? ನನಗಂತೂ ಇದೆ ಅನಿಸುತ್ತದೆ, ಅವರು ಒಪ್ಪಲಿಕ್ಕಿಲ್ಲ.

ಸ್ವಂತ ದುಡ್ಡಿನವರು ಯಾರ ಮಾತೂ ಕೇಳಬೇಕಿಲ್ಲ ಅಂತ ಇಲ್ಲಿ ಬಹಳ ಜನ ವಾದಿಸುತ್ತಾರೆ. ಥಾನೇದಾರ್ ಅವರ ದಾರಿ ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ. 2021ರಲ್ಲಿ, ರಾಜ್ಯ ಶಾಸಕರಾಗಿದ್ದಾಗ, ಇಸ್ರೇಲ್‌ಗೆ ಅಮೆರಿಕ ಕೊಡುವ ನೆರವು ನಿಲ್ಲಲಿ ಎಂಬ ನಿರ್ಣಯಕ್ಕೆ ಹೆಸರು ಕೊಟ್ಟಿದ್ದರು. 2022ರ ಪ್ರೈಮರಿಯಲ್ಲಿ ಇಸ್ರೇಲ್ ಪರ ಸಂಘಟನೆ ಏಪ್ಯಾಕ್‌ನ ಸೂಪರ್ ಪ್ಯಾಕ್ (ಅಭ್ಯರ್ಥಿಗೆ ನೇರ ಕೊಡದೆ, ತಾನೇ ಮಿತಿಯಿಲ್ಲದೆ ಪ್ರಚಾರಕ್ಕೆ ಖರ್ಚು ಮಾಡುವ ಗುಂಪು), ಇವರ ಎದುರಾಳಿ ಆಡಮ್ ಹಾಲಿಯರ್‌ಗಾಗಿ 40 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚು ಮಾಡಿತು. ಆದರೂ ಇವರೇ ಗೆದ್ದರು. ಗೆದ್ದ ಮೇಲೆ ನಿಲುವು ತಿರುಗಿತು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಅನ್ನು ಟೀಕಿಸುವ ಎಡಪಂಥೀಯ ಡೆಮಾಕ್ರಟಿಕ್ ಸೋಷಲಿಸ್ಟ್ ಸಂಘಟನೆಯ ಸದಸ್ಯತ್ವ ಬಿಟ್ಟರು. 2024ಕ್ಕೆ ಅದೇ ಏಪ್ಯಾಕ್‌ನ ಬೆಂಬಲ ಇವರಿಗೆ ಸಿಕ್ಕಿತು. ಮನಸ್ಸು ಬದಲಾಯಿತು ಅನ್ನುವವರಿದ್ದಾರೆ, ಲೆಕ್ಕ ಬದಲಾಯಿತು ಅನ್ನುವವರೂ ಇದ್ದಾರೆ.

ಒಂದು ಮಾತು ಬಿಟ್ಟೇ ಹೋಗಿತ್ತು. 2023ರಲ್ಲಿ ಅವರು ಪ್ರಮಾಣವಚನ ತೆಗೆದುಕೊಂಡಾಗ, 1955ರ ನಂತರ ಮೊದಲ ಬಾರಿಗೆ ಡೆಟ್ರಾಯ್ಟ್‌ಗೆ ಕಪ್ಪು ಜನಾಂಗದ ಸಂಸದ ಇಲ್ಲದಂತಾಯಿತು. ಬಹುಪಾಲು ಕಪ್ಪು ಜನರಿರುವ ನಗರ ಅದು. ಆ ಅಸಮಾಧಾನ ಇನ್ನೂ ಇದೆ. ಊರ ತುಂಬ ಸಂಸದರ ಕಚೇರಿಯ ಸರ್ಕಾರಿ ಖರ್ಚಿನಲ್ಲಿ ಇವರ ಮುಖದ ಬಿಲ್‌ಬೋರ್ಡ್ ಎದ್ದಾಗ ಅದು ಇನ್ನಷ್ಟು ಕೆರಳಿತು.

‘ಇವರು ನಮ್ಮವರಾ?’ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ, ಮನೆಮಾತು ಮರಾಠಿ, ತಮ್ಮ ಜೀವನದ ಕಥೆ ಬರೆದದ್ದೂ ಮರಾಠಿಯಲ್ಲೇ. ನಾನು ಶಿರಸಿ ಕಡೆಯವನು. ಬೆಳಗಾವಿಯ ಜಗಳಕ್ಕೆ ನನ್ನನ್ನು ಎಳೆಯಬೇಡಿ.