ಕೆಂಪಾದ ವಾಲ್ವನ್ನು ಬದಲಿಸುವ ಮೊದಲು

ಪ್ರಶ್ನೆ: ಮನೆಯಲ್ಲಿ ಅಜ್ಜನ ಕಾಲದ ಐದು ವಾಲ್ವಿನ ರೇಡಿಯೊ ಇದೆ. ತುಂಬಾ ವರ್ಷ ಅಟ್ಟದ ಮೇಲಿತ್ತು. ಮೊನ್ನೆ ಕರೆಂಟು ಕೊಟ್ಟೆ. ಗುಂಯ್ ಅನ್ನುವ ಸದ್ದಿನ ನಡುವೆ ಸ್ಟೇಷನ್ ಸಣ್ಣಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೇಣ ಸುಟ್ಟ ವಾಸನೆ ಬಂತು. ಇಎಲ್ 84 ಅಂತ ಬರೆದಿರುವ ವಾಲ್ವಿನ ಒಳಗಿನ ತಗಡು ಕೆಂಪಗೆ ಕಾದಿತ್ತು. ತಕ್ಷಣ ಆಫ್ ಮಾಡಿದೆ. ರಿಪೇರಿಯವರು ವಾಲ್ವ್ ಹೋಗಿದೆ, ಬದಲಿಸಿ ಅನ್ನುತ್ತಾರೆ. ಬದಲಿಸಲಾ?
– ಓದುಗರು, ಸಾಗರ

ಉತ್ತರ: ಸದ್ಯಕ್ಕೆ ಬೇಡ. ಹೊಸದು ಹಾಕಿದರೆ ಅದೂ ಕೆಂಪಾಗುವ ಸಾಧ್ಯತೆಯೇ ಜಾಸ್ತಿ. ನನ್ನ ಅನುಮಾನ ಇರುವುದು ಅದರ ಹಿಂದಿನ ಒಂದು ಸಣ್ಣ ಕಂಡೆನ್ಸರ್ ಮೇಲೆ.

ಇಎಲ್ 84 ಸ್ಪೀಕರಿಗೆ ಶಕ್ತಿ ಕೊಡುವ ವಾಲ್ವ್. ಹಿಂದಿನ ವಾಲ್ವಿನ ಪ್ಲೇಟಿನಿಂದ (ಒಳಗಿನ ತಗಡು) ಇದರ ಗ್ರಿಡ್ಡಿಗೆ (ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿ) ಹಾಡು ಮಾತ್ರ ದಾಟಬೇಕು, ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು, ದಾಟಬಾರದು. ಅದನ್ನು ತಡೆಯುವುದೇ ಆ ಕಂಡೆನ್ಸರ್‌ನ ಕೆಲಸ. ಹಳೆಯ ಸೆಟ್ಟುಗಳಲ್ಲಿ ಅದು ಮೇಣ ಮೆತ್ತಿದ ಕಾಗದದ್ದು. ಕಾಗದ ತೇವ ಎಳೆದುಕೊಳ್ಳುತ್ತದೆ. ನಿಮ್ಮ ಕಡೆಯ ಮಳೆ ಗೊತ್ತೇ ಇದೆಯಲ್ವಾ! ಹಿಂದಿನ ಪ್ಲೇಟಿನಲ್ಲಿ 100 ವೋಲ್ಟ್ ಇದ್ದು, ಕಂಡೆನ್ಸರ್ ಕೆಟ್ಟು ಬರೀ 10 ಮೆಗಾಓಮ್ ರೆಸಿಸ್ಟರಿನಂತೆ ಆಗಿದೆ ಅಂದುಕೊಳ್ಳಿ. ಗ್ರಿಡ್ ರೆಸಿಸ್ಟರ್ 1 ಮೆಗಾಓಮ್ ಇದ್ದರೆ ಗ್ರಿಡ್ಡಿಗೆ ಹೆಚ್ಚುಕಡಿಮೆ 9 ವೋಲ್ಟ್ ಸೋರುತ್ತದೆ. ಈ ವಾಲ್ವಿನ ಕ್ಯಾಥೋಡಿನಲ್ಲಿ (ಎಲೆಕ್ಟ್ರಾನ್ ಹೊರಡಿಸುವ ಭಾಗ) ಇರಬೇಕಾದದ್ದೇ ಸುಮಾರು 7 ವೋಲ್ಟ್, ಗ್ರಿಡ್ ಅದಕ್ಕಿಂತ ಕೆಳಗಿದ್ದರೆ ಮಾತ್ರ ಹತೋಟಿ. ಕರೆಂಟಿಗೆ ಲಗಾಮು ತಪ್ಪಿ ಪ್ಲೇಟ್ ಕೆಂಪಾಗುತ್ತದೆ.

ಮೀಟರಿನಲ್ಲಿ ನೋಡಿದೆ, ಕಂಡೆನ್ಸರ್ ಸರಿ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಸೋರಿಕೆ ಬಯಲಾಗುವುದು 100 ವೋಲ್ಟ್ ಬಿದ್ದಾಗ.

ಪರೀಕ್ಷೆ ಹೀಗೆ ಮಾಡಿ. ಮೊದಲು 60 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ (ಕರೆಂಟು ಬಲ್ಬಿನ ಮೂಲಕವೇ ರೇಡಿಯೊಗೆ ಹೋಗುವಂತೆ) ಹಾಕಿ ಕರೆಂಟು ಕೊಡಿ. ಎಲ್‌ಇಡಿ ಇದಕ್ಕಾಗದು. ಬಲ್ಬ್ ಪೂರ್ತಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ, ಮುಂದುವರಿಯಬೇಡಿ. ಇಲ್ಲವಾದರೆ ವಾಲ್ವ್ ಬಿಸಿಯಾದ ಮೇಲೆ ರೇಡಿಯೊದ ಲೋಹದ ಚೌಕಟ್ಟಾದ ಚಾಸಿಸ್‌ಗೂ ಎರಡನೇ ಪಿನ್ನಿಗೂ ನಡುವೆ ಡಿಸಿ ನೋಡಿ. ಅದೇ ಗ್ರಿಡ್. ಸಾಕೆಟ್ಟನ್ನು ಕೆಳಗಿನಿಂದ ನೋಡುತ್ತಾ, ಖಾಲಿ ಜಾಗದಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಬೇಕು. ಸೊನ್ನೆ ಬಂದರೆ ಸರಿ. ಪ್ಲಸ್ ತೋರಿಸಿದರೆ ಆಫ್ ಮಾಡಿ, ಡಿಸಿಯನ್ನು ನಯಗೊಳಿಸುವ ದೊಡ್ಡ ಫಿಲ್ಟರ್ ಕಂಡೆನ್ಸರುಗಳ ಚಾರ್ಜು ಇಳಿಸಿ, ಈ ಕಂಡೆನ್ಸರ್‌ನ ಒಂದು ಕಾಲು ಬಿಚ್ಚಿ ಮತ್ತೆ ನೋಡಿ. ಪ್ಲಸ್ ಮಾಯವಾದರೆ ಕಳ್ಳ ಸಿಕ್ಕಿಬಿದ್ದ. ಹಾಗೇ ಉಳಿದರೆ ಮಾತ್ರ ವಾಲ್ವ್ ಬದಲಿಸಿ.

ಚಾರ್ಜು ಇಳಿಸುವುದಕ್ಕೆ ಸ್ಕ್ರೂಡ್ರೈವರ್ ಬೇಡ. 10 ಕಿಲೋಓಮಿನ 5 ವಾಟ್ ರೆಸಿಸ್ಟರ್ ಇಟ್ಟು ಇಳಿಸಿ, ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ಆನ್ ಇದ್ದಾಗ ಅಲ್ಲಿ 250 ವೋಲ್ಟ್ ಸುಳಿದಾಡುತ್ತಿರುತ್ತದೆ. ಇದರ ಅಭ್ಯಾಸ ಇಲ್ಲದಿದ್ದರೆ ಬಲ್ಲವರನ್ನು ಜೊತೆಗೆ ಕೂರಿಸಿಕೊಳ್ಳಿ.

ಕೆಟ್ಟ ಕಂಡೆನ್ಸರ್ ಬದಲಿಗೆ ಅಷ್ಟೇ ಮೈಕ್ರೋಫ್ಯಾರಡಿನ, 630 ವೋಲ್ಟಿನ ಫಿಲ್ಮ್ ಕಂಡೆನ್ಸರ್ ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ಒಂದು ಕೆಟ್ಟಿದ್ದರೆ ಉಳಿದ ಕಾಗದದವೂ ಅದೇ ವಯಸ್ಸಿನವು. ಎಲ್ಲವನ್ನೂ ಬದಲಿಸುವುದೇ ಜಾಣತನ. ಗುಂಯ್ ಸದ್ದಿಗೆ ಕಾರಣ ಬೇರೆ, ಫಿಲ್ಟರ್ ಕಂಡೆನ್ಸರ್ ಒಣಗಿದೆ. 50 ಮೈಕ್ರೋಫ್ಯಾರಡ್ ಇದ್ದಲ್ಲಿ 47, 450 ವೋಲ್ಟಿನದು ಸಾಕು. ದೊಡ್ಡದಿದ್ದರೆ ಒಳ್ಳೆಯದು ಅಂತ 220 ಹಾಕಿದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಬಲಿಯಾಗುತ್ತದೆ. ಹಳೆಯ ಫಿಲ್ಟರ್ ಕಂಡೆನ್ಸರಿನ ಅಲ್ಯೂಮಿನಿಯಂ ಡಬ್ಬಿಯನ್ನು ಅಂದಕ್ಕೆ ಇಟ್ಟುಕೊಳ್ಳಿ, ಅದರ ವೈರು ಮಾತ್ರ ಬಿಡಿಸಿಬಿಡಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೂ ಪೆಟ್ಟಾಗಿರಬಹುದು. ಸೆಟ್ ಆಫ್ ಇದ್ದಾಗ ಪ್ರೈಮರಿ (ಅದರ ವಾಲ್ವ್ ಕಡೆಯ ಸುರುಳಿ) ಕೆಲವು ನೂರು ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಕಡಿದಿದೆ, ರೀವೈಂಡ್ ಮಾಡಿಸಬೇಕು.

ಕೊನೆಗೂ ವಾಲ್ವೇ ಬೇಕಾದರೆ ಚಿಂತೆ ಬೇಡ. ಗಿಟಾರ್ ಆಂಪ್ಲಿಫೈಯರುಗಳ ದೆಸೆಯಿಂದ ಇಎಲ್ 84 ಇವತ್ತಿಗೂ ತಯಾರಾಗುತ್ತಿದೆ. ನಿಮ್ಮದರ ಮೇಲೆ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಅಂತಿದ್ದರೆ ಅದು ನಮ್ಮ ಬೆಂಗಳೂರಿನ ಕಾರ್ಖಾನೆಯದ್ದೇ. ಅಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಶುರುವಾದದ್ದು 1961ರಲ್ಲಿ. ಅದನ್ನು ಸುಮ್ನೆ ಕಿತ್ತು ಬಿಸಾಡಬೇಡಿ.

ಪ್ರಶ್ನೆ: ನಮ್ಮ ರೇಡಿಯೊದ ಗುಂಡಿಯ ಸ್ಕ್ರೂ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ವಾಲ್ವುಗಳ ಹೆಸರು ಯುಸಿಎಚ್ 81, ಯುಎಲ್ 84, ಯುವೈ 85 ಅಂತಿದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಪ್ಲಗ್ ಕಿತ್ತಿಡಿ. ‘ಯು’ ಇಂದ ಶುರುವಾಗುವ ವಾಲ್ವುಗಳ ನಿಮ್ಮ ಸೆಟ್ಟು ಎರಡೂ ಬಗೆಯ ಕರೆಂಟಿನಲ್ಲಿ ಓಡುವ ಎಸಿ/ಡಿಸಿ ಸೆಟ್ಟಿರಬೇಕು. ಇವುಗಳಲ್ಲಿ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಚಾಸಿಸ್ ನೇರವಾಗಿ ಕರೆಂಟಿನ ಒಂದು ವೈರಿಗೇ ಸೇರಿರುತ್ತದೆ. ಪ್ಲಗ್ ತಿರುಗಿಸಿದರೆ ಶಾಕ್ ನಿಲ್ಲಬಹುದು, ಅದನ್ನು ನೆಚ್ಚಬೇಡಿ. ಚಾಸಿಸ್‌ಗೆ ಅರ್ತ್ ವೈರನ್ನಂತೂ ಕೊಡಲೇಬೇಡಿ. 230ಕ್ಕೆ 230 ವೋಲ್ಟಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಓಡಿಸಿ. ಗುಂಡಿಯ ಸ್ಕ್ರೂ ತೂತನ್ನು ಮೇಣದಿಂದ ಮುಚ್ಚಿ, ಹಿಂದಿನ ರಟ್ಟಿನ ಮುಚ್ಚಳ ಕಳೆದಿದ್ದರೆ ಹೊಸದು ಮಾಡಿಸಿ.